ಏಳನೆಯ ದಿನ ಮುಗಿದ ಬಾಟಲಿ

ಬನಹಟ್ಟಿಯ ನಮ್ಮ ಮನೆಯ ಮುಂದಿನ ಕೋಣೆ ನಮ್ಮದಾಗಿರಲಿಲ್ಲ, ಓಣಿಯದಾಗಿತ್ತು. ಅಪ್ಪ ಅಲ್ಲಿ ಔಷಧಿ ಅಂಗಡಿ ಇಟ್ಟಿದ್ದ. ರಸ್ತೆಯಿಂದ ಎರಡು ಮೆಟ್ಟಿಲು ಹತ್ತಿದರೆ ಅಂಗಡಿ, ಅದರ ಹಿಂದೆ ಹಸಿರು ಪರದೆ, ಪರದೆಯ ಆಚೆ ನಡುಮನೆ, ಅಡುಗೆಮನೆ, ಕೊನೆಗೆ ಹಿತ್ತಿಲು. ಹಿತ್ತಿಲ ಮೂಲೆಯಲ್ಲಿ ಬಚ್ಚಲುಮನೆ. ಎಡಗಡೆಯ ಗೋಡೆಗೆ ಹತ್ತಿಕೊಂಡೇ ಪಕ್ಕದವರ ಪವರ್‌ಲೂಮ್ ಶೆಡ್ಡು ಇತ್ತು. ನಸುಕಿನಲ್ಲಿ ಅಲ್ಲಿಯ ಮಗ್ಗಗಳು ಶುರುವಾದರೆ ಸಪ್ಪಳ ಗೋಡೆಯನ್ನು ದಾಟಿ ನಮ್ಮ ಹಾಸಿಗೆಗೆ ಬರುತ್ತಿತ್ತು. ಗೋಡೆಗೆ ಬೆನ್ನು ಕೊಟ್ಟು ಕೂತರೆ ಎದೆಯೊಳಗೆ ಯಾರೋ ನೇಯುತ್ತಿದ್ದಾರೆ ಅನಿಸುತ್ತಿತ್ತು. ನಾವು ಅದನ್ನು ಸಪ್ಪಳವೆಂದು ಕೇಳುತ್ತಲೇ ಇರಲಿಲ್ಲ. ಕರೆಂಟು ಹೋಗಿ ಮಗ್ಗಗಳು ನಿಂತಾಗ ಮಾತ್ರ ಎಲ್ಲರೂ ತಲೆಯೆತ್ತಿ ಏನೋ ಕಳೆದುಹೋದವರಂತೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಆ ಮನೆಯಲ್ಲಿ ಬೆಳೆದ ನಮ್ಮೆಲ್ಲರ ದನಿಯೂ ದೊಡ್ಡದು. ಪ್ರೀತಿಯ ಮಾತನ್ನೂ ಕೂಗಿಯೇ ಹೇಳಬೇಕಾಗಿತ್ತು.

ನನಗೆ ಆಗ ಹತ್ತು ತುಂಬಿತ್ತು. ಸಾಲೆಯಿಂದ ಬಂದವಳೇ ಪಾಟಿಚೀಲ ಒಗೆದು ಅಂಗಡಿಯ ಒಳಗಿನ ಸ್ಟೂಲಿನ ಮೇಲೆ ಕೂರುತ್ತಿದ್ದೆ. ಸಂಜೆಯ ಬಿಸಿಲು ಎದುರಿನ ನೂಲಿನ ಅಂಗಡಿಯ ಮೇಲಿಂದ ಇಳಿದು ನಮ್ಮ ಗಾಜಿನ ಕಪಾಟಿಗೆ ಬೀಳುವುದು. ಗುಲಾಬಿ, ಕಿತ್ತಳೆ, ಜೇನಿನ ಬಣ್ಣದ ಸಿರಪ್ಪುಗಳು ಒಂದೊಂದಾಗಿ ಒಳಗಿನಿಂದ ಬೆಳಗುವವು. ನಾನು ಕಣ್ಣು ಅರೆ ಮುಚ್ಚಿ ಅವುಗಳನ್ನೇ ನೋಡುತ್ತಿದ್ದೆ. ಯಾವ ಬಣ್ಣ ಯಾವ ಮಗುವಿನ ಹೊಟ್ಟೆಗೆ ಹೋಗಿ ಏನಾಗುತ್ತದೋ ಎಂದು ಕನಸು ಕಾಣುತ್ತಿದ್ದೆ. ಅಪ್ಪ ಆ ಕನಸಿನೊಳಗೆ ಲೆಕ್ಕವನ್ನು ತಂದಿಟ್ಟ. ಡಾಕ್ಟರರ ಚೀಟಿಯಲ್ಲಿ ಮೂರು ಸಂಗತಿ ಹುಡುಕಬೇಕು ಎಂದು ಕಲಿಸಿದ: ಒಂದು ಸಲಕ್ಕೆ ಎಷ್ಟು, ದಿನಕ್ಕೆ ಎಷ್ಟು ಸಲ, ಎಷ್ಟು ದಿನ. ಮೂರನ್ನೂ ಗುಣಿಸಿದರೆ ಎಷ್ಟು ಔಷಧಿ ಬೇಕೆಂದು ತಿಳಿಯುತ್ತದೆ. ಅದನ್ನು ಬಾಟಲಿಯ ಅಳತೆಯಿಂದ ಭಾಗಿಸಿದರೆ ಎಷ್ಟು ಬಾಟಲಿ ಕೊಡಬೇಕೆಂದು ತಿಳಿಯುತ್ತದೆ. ಐದು ಎಂ.ಎಲ್., ಮೂರು ಸಲ, ಐದು ದಿನ ಎಂದರೆ ಎಪ್ಪತ್ತೈದು. ಬಾಟಲಿ ಅರವತ್ತರದು, ಆದ್ದರಿಂದ ಎರಡು ಬೇಕು. ನಾನು ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಪೆನ್ಸಿಲಿನಿಂದ ಗುಣಿಸಿ ತೋರಿಸಿದರೆ ಅಪ್ಪ ಮೊದಲು ತಾನೂ ಮನಸ್ಸಿನಲ್ಲಿ ಗುಣಿಸಿ, ಆಮೇಲಷ್ಟೇ ತಲೆಯಾಡಿಸುತ್ತಿದ್ದ. ಹೊಗಳುತ್ತಿರಲಿಲ್ಲ. ಔಷಧಿಯ ಲೆಕ್ಕ ಸರಿಯಾಗಿರುವುದು ಹೊಗಳುವ ಮಾತೇ ಅಲ್ಲ ಎಂಬುದು ಅವನ ನಂಬಿಕೆ.

ಪರದೆಯ ಆಚೆಗಿನ ಲೋಕ ಅವ್ವ ಮತ್ತು ನೀಲವ್ವತ್ತಿಯದು. ನೀಲವ್ವತ್ತಿ ಅಪ್ಪನ ಅಕ್ಕ. ಅವಳನ್ನು ಬೀಳಗಿಯ ಕಡೆ, ಹೊಳೆದಂಡೆಯ ಒಂದು ಊರಿಗೆ ಕೊಟ್ಟಿದ್ದರಂತೆ. ನಾಲ್ಕು ವರ್ಷಕ್ಕೆ ಅವರು ಅವಳನ್ನು ತಿರುಗಿ ಕಳಿಸಿದರು. ಮಕ್ಕಳಾಗಲಿಲ್ಲ, ಅದಕ್ಕೇ ಎಂದು ನಮಗೆ ಹೇಳಿದ್ದರು. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಆ ಊರೂ ಇರಲಿಲ್ಲ. ಆಲಮಟ್ಟಿಯ ಹಿನ್ನೀರು ಅದರ ಮೇಲೆ ಬಂದು ನಿಂತಿತ್ತು, ಜನ ಮೇಲಿನ ಹೊಸ ಪ್ಲಾಟುಗಳಿಗೆ ಹೋಗಿದ್ದರು. ರೊಟ್ಟಿ ಬಡಿಯುವಾಗ ಅತ್ತಿ ಒಮ್ಮೊಮ್ಮೆ ಆ ಮನೆಯ ಮಾತು ತೆಗೆಯುತ್ತಿದ್ದಳು. ಪಡಸಾಲೆಯ ಕಂಬದಲ್ಲಿ ಗಿಳಿ ಕೊರೆದಿದ್ದರು, ಈಗ ಅದರ ಸುತ್ತ ಮೀನು ತಿರುಗುತ್ತಿರಬೇಕು ಎನ್ನುತ್ತಿದ್ದಳು. ದುಃಖದಿಂದ ಹೇಳುತ್ತಿರಲಿಲ್ಲ. ನಾನು ರೊಟ್ಟಿಯ ಹಿಟ್ಟಿನ ಮೇಲೆ ಬೆರಳಾಡಿಸುತ್ತ ಆ ನೀರೊಳಗಿನ ಮನೆಯ ಕೋಣೆಗಳಲ್ಲಿ ಸುತ್ತಾಡಿ ಬರುತ್ತಿದ್ದೆ. ಅತ್ತಿ ಎಲ್ಲರಿಗಿಂತ ಮೊದಲು ಏಳುವಳು. ಹಂಡೆಗೆ ಉರಿ ಹಚ್ಚಿ, ಬಚ್ಚಲು ಬಾಗಿಲಿಗೆ ಅಗಳಿ ಹಾಕಿಕೊಂಡು ಬಹಳ ಹೊತ್ತು ಒಳಗಿರುತ್ತಿದ್ದಳು. ಅವಳ ಮುಂಗೈಯಲ್ಲಿ ಎರಡು ಸುಟ್ಟ ಕಲೆಗಳಿದ್ದವು. ಕೇಳಿದರೆ ಹಂಚು ತಾಗಿತು ಎನ್ನುವಳು.

ನನ್ನ ತಮ್ಮ ಮಲ್ಲುವಿಗೆ ಮೊದಲ ಸಲ ಫಿಟ್ಸ್ ಬಂದದ್ದು ಒಂದು ಮಧ್ಯಾಹ್ನ. ಅವನಿಗೆ ಐದು ವರ್ಷ. ಝುಣಕದ ಬಟ್ಟಲು ಮುಂದಿಟ್ಟುಕೊಂಡು ಕೂತವನು ಒಮ್ಮೆಲೇ ಸೂರಿನ ಕಡೆ ಏನೋ ಕಂಡಂತೆ ನೋಡಿದ, ಕೈ ಬಿಗಿಯಿತು, ಪಕ್ಕಕ್ಕೆ ಉರುಳಿದ. ಅವ್ವ ಕಿರಿಚಿದಳು. ನೆರೆಯ ಹೆಂಗಸರು ನುಗ್ಗಿ ಬಂದರು. ಒಬ್ಬಳು ಕೀಲಿಕೈ ತಂದಳು, ಒಬ್ಬಳು ಉಳ್ಳಾಗಡ್ಡಿ ಜಜ್ಜಿ ತಂದಳು, ಯಾರೋ ಬಾಯೊಳಗೆ ಚಮಚ ಹಾಕಿ ಎಂದರು. ಅತ್ತಿ ಆ ಎಲ್ಲ ಕೈಗಳನ್ನೂ ದೂರ ತಳ್ಳಿದಳು. ಮಲ್ಲುವನ್ನು ಎಡ ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ತನ್ನ ಸೆರಗಿನ ಮುದ್ದೆ ಇಟ್ಟು, ಬಟ್ಟಲು ತಂಬಿಗೆಗಳನ್ನು ಸರಿಸಿ, ಸುಮ್ಮನೆ ಕೂತಳು. ಅವನ ಮೈ ಸಡಿಲಾಗುವವರೆಗೆ ಮುಗೀತು, ಮುಗೀತು ಎಂದು ಮೆಲ್ಲಗೆ ಹೇಳುತ್ತಲೇ ಇದ್ದಳು. ಔಷಧಿ ಮಾರುವ ಅಪ್ಪ ಪರದೆ ಹಿಡಿದುಕೊಂಡು ನಿಂತುಬಿಟ್ಟಿದ್ದ. ಇದೆಲ್ಲ ನಿನಗೆ ಹೇಗೆ ಗೊತ್ತು ಎಂದು ಆ ದಿನ ಅತ್ತಿಯನ್ನು ಯಾರೂ ಕೇಳಲಿಲ್ಲ.

ಜಮಖಂಡಿಯ ಡಾಕ್ಟರರು ತಪಾಸಣೆ ಮಾಡಿ ಒಂದು ಸಿರಪ್ಪು ಬರೆದರು. ಮುಂಜಾನೆ ಐದು ಎಂ.ಎಲ್., ಸಂಜೆ ಐದು. ವರ್ಷಗಟ್ಟಲೆ ಕೊಡಬೇಕು, ಒಂದು ಹೊತ್ತೂ ತಪ್ಪಬಾರದು, ತಮ್ಮಷ್ಟಕ್ಕೆ ನಿಲ್ಲಿಸಲೇಬಾರದು ಎಂದಿದ್ದರು. ಬಸ್ಸಿನಿಂದ ಇಳಿದು ಬಂದ ಅಪ್ಪ ಚೀಟಿಯನ್ನು ನನ್ನ ಕೈಗೇ ಕೊಟ್ಟ. ದಿನಕ್ಕೆ ಹತ್ತು, ತಿಂಗಳಿಗೆ ಮುನ್ನೂರು, ನೂರರ ಬಾಟಲಿ ಮೂರು. ಒಂದು ಬಾಟಲಿ ಸರಿಯಾಗಿ ಹತ್ತು ದಿನ. ಅಪ್ಪ ಪ್ರತಿ ಬಾಟಲಿಯ ಮೇಲೂ ಒಡೆದ ದಿನದ ತಾರೀಕು ಬರೆದು ಅಡುಗೆಮನೆಯ ಗೂಡಿನಲ್ಲಿ ಇಡುತ್ತಿದ್ದ. ಬಾಟಲಿಯ ಜೊತೆ ಬರುವ ಗೆರೆ ಹಾಕಿದ ಮುಚ್ಚಳದಲ್ಲಿ ಅವ್ವ ಅಳೆದು ಕುಡಿಸುತ್ತಿದ್ದಳು. ಎರಡು ತಿಂಗಳು ಬಾಟಲಿಗಳು ಹತ್ತನೆಯ ದಿನದ ಸಂಜೆಗೇ ಮುಗಿದವು. ಮಲ್ಲುವಿಗೆ ಮತ್ತೆ ಫಿಟ್ಸ್ ಬರಲಿಲ್ಲ. ಮನೆಯೊಳಗೆ ಉಸಿರು ಮೊದಲಿನಂತೆ ಆಡತೊಡಗಿತು. ಪುಂಡಿಪಲ್ಯಕ್ಕೆ ಮತ್ತೆ ಸರಿಯಾಗಿ ಉಪ್ಪು ಬೀಳತೊಡಗಿತು.

ಮೂರನೆಯ ತಿಂಗಳಲ್ಲಿ ಒಂದು ಬಾಟಲಿ ಏಳನೆಯ ದಿನ ಮುಂಜಾನೆಯೇ ಖಾಲಿಯಾಯಿತು. ಚೆಲ್ಲಿರಬೇಕು ಎಂದುಕೊಂಡರು. ಮುಂದಿನದೂ ಏಳನೆಯ ದಿನಕ್ಕೇ ಮುಗಿಯಿತು. ಅವತ್ತು ಊಟಕ್ಕೆ ಕೂತಾಗ ಅಪ್ಪ ರೊಟ್ಟಿ ಮುರಿಯದೆ ಅಂಗಡಿಯ ಚೀಟಿಯೊಂದರ ಮೇಲೆ ಲೆಕ್ಕ ಹಾಕಿದ. ನೂರನ್ನು ಏಳರಿಂದ ಭಾಗಿಸಿದರೆ ಹದಿನಾಲ್ಕು ಚಿಲ್ಲರೆ. ಅದರ ಅರ್ಧ ಏಳು. ನೀನು ಐದರ ಬದಲು ಏಳು ಹಾಕುತ್ತಿದ್ದೀ, ಅದಕ್ಕೇ ಹುಡುಗ ಸಾಲೆಯಲ್ಲಿ ತೂಕಡಿಸುತ್ತಾನೆ ಎಂದು ಅವ್ವನಿಗೆ ಹೇಳಿದ. ಅವ್ವ ಎದ್ದು ಹೋಗಿ ಮುಚ್ಚಳ ತಂದಳು, ಅವನ ಕಣ್ಣೆದುರಿಗೇ ನೀರು ಹಾಕಿ ತೋರಿಸಿದಳು. ಅಪ್ಪ ಅದನ್ನು ಅಂಗಡಿಯ ಅಳತೆಯ ಗಾಜಿಗೆ ಸುರಿದು ಬೆಳಕಿಗೆ ಹಿಡಿದ. ಸರಿಯಾಗಿ ಐದು ಇತ್ತು. ಆದರೂ ಅವನು ಬಿಡಲಿಲ್ಲ, ಇವತ್ತು ನಾನು ನೋಡುತ್ತಿದ್ದೇನೆಂದು ಸರಿಯಾಗಿ ಹಾಕಿದೆ ಎಂದ. ಅವ್ವನ ಮುಖ ನನಗೆ ಇನ್ನೂ ನೆನಪಿದೆ. ಅವಳು ದನಿ ಏರಿಸಲಿಲ್ಲ.

"ಹಡದಾಕಿ ನಾನು. ಐದ ಅಂದ್ರ ಐದ ಹಾಕೇನಿ. ಇವತ್ತಿನಿಂದ ಆ ಬಾಟ್ಲಿ ನಾ ಮುಟ್ಟೂದಿಲ್ಲ. ನಿಮ್ಮ ಲೆಕ್ಕದ ಮಗಳ ಕಡೆ ಕುಡಸ್ರಿ."

ಅತ್ತಿ ಆಗ ಮಜ್ಜಿಗೆ ಬಡಿಸುತ್ತಿದ್ದಳು. ಅವಳ ಕೈ ನಿಂತಿತೋ ಇಲ್ಲವೋ ಎಂದು ಎಷ್ಟು ನೆನಪಿಸಿಕೊಂಡರೂ ನನಗೆ ಕಾಣುವುದಿಲ್ಲ. ನಾನು ಅವ್ವನನ್ನೇ ನೋಡುತ್ತಿದ್ದೆ.

ಹಾಗೆ ಮಲ್ಲುವಿನ ಔಷಧಿ ನನ್ನ ಪಾಲಿಗೆ ಬಂತು. ಅವ್ವನ ಮೇಲೆ ಬಂದ ಮಾತನ್ನು ತೊಳೆಯಬೇಕು ಎಂದು ನಾನು ಮನಸ್ಸಿನಲ್ಲೇ ಹಟ ತೊಟ್ಟೆ. ಅಪ್ಪ ಹಿಂದೆ ಒಮ್ಮೆ, ಹಳೆಯ ಕಾಲದಲ್ಲಿ ಔಷಧಿ ಕಲಸಿ ಕೊಡುವವರು ಬಾಟಲಿಗೆ ಕಾಗದದ ಪಟ್ಟಿ ಅಂಟಿಸುತ್ತಿದ್ದರು, ಒಂದು ಹೊತ್ತಿಗೆ ಒಂದು ಗೆರೆ ಎಂದು ಹೇಳಿದ್ದ. ನಾನು ಒಂದು ಖಾಲಿ ಬಾಟಲಿ ತೆಗೆದುಕೊಂಡು, ಅಳತೆಯ ಗಾಜಿನಿಂದ ಐದೈದೇ ಎಂ.ಎಲ್. ನೀರು ಹಾಕುತ್ತ, ಪ್ರತಿ ಸಲ ನೀರು ನಿಂತ ಎತ್ತರಕ್ಕೆ ಕಾಗದದ ಪಟ್ಟಿಯ ಮೇಲೆ ಗೆರೆ ಎಳೆದೆ. ಇಪ್ಪತ್ತು ಗೆರೆ ಬಂದವು. ಆ ಪಟ್ಟಿಯನ್ನು ಮಲ್ಲುವಿನ ಹೊಸ ಬಾಟಲಿಗೆ ಗೋಂದಿನಿಂದ ಅಂಟಿಸಿದೆ. ಮೊದಲ ದಿನ ಮುಂಜಾನೆ ಒಂದು ಗೆರೆ ಇಳಿಯಿತು, ಸಂಜೆ ಇನ್ನೊಂದು. ಮರುದಿನ ಮುಂಜಾನೆ ನಾನು ಮುಚ್ಚಳ ತೆಗೆಯುವ ಮೊದಲೇ ಔಷಧಿ ಮೂರನೆಯ ಗೆರೆಯನ್ನೂ ಇಳಿದಿತ್ತು. ಅದರ ಮರುದಿನವೂ ಹಾಗೆಯೇ, ನಾನು ಕುಡಿಸಿದ್ದಕ್ಕಿಂತ ಒಂದು ಗೆರೆ ಹೆಚ್ಚು ಇಳಿದಿತ್ತು. ಅಪ್ಪ ಗುಣಿಸಿದ್ದು ತಪ್ಪಾಗಿರಲಿಲ್ಲ. ಕುಡಿಯುವವರು ಒಬ್ಬರೇ ಎಂದುಕೊಂಡದ್ದು ತಪ್ಪಾಗಿತ್ತು. ಉತ್ತರ ಕೈಗೆ ಸಿಕ್ಕ ಖುಷಿಯಲ್ಲಿ ನಾನು, ಆ ಉತ್ತರ ಒಂದು ಜೀವವಾಗಿರಬಹುದು ಎಂದು ಯೋಚಿಸಲೇ ಇಲ್ಲ.

ನಾಲ್ಕನೆಯ ದಿನ ನಸುಕಿಗೆ ಎದ್ದು ಹೋದೆ. ಅಡುಗೆಮನೆಯ ಕಿಟಕಿಯಲ್ಲಿ ಬೂದಿ ಬಣ್ಣದ ಬೆಳಕು ಆಗಷ್ಟೇ ಬಿದ್ದಿತ್ತು. ಹಂಡೆಯ ಒಲೆಯ ಹೊಗೆ ಹಿತ್ತಿಲಿಂದ ಒಳಗೆ ಬಂದು ನೆಲದ ಮೇಲೆ ತೆಳ್ಳಗೆ ಹಾಸಿತ್ತು. ಆ ಹೊಗೆಯ ನಡುವೆ ನೀಲವ್ವತ್ತಿ ಗೂಡಿನ ಮುಂದೆ ನಿಂತು ಮುಚ್ಚಳವನ್ನು ಕಿಟಕಿಯ ಬೆಳಕಿಗೆ ಹಿಡಿದು, ಗೆರೆ ನೋಡಿ, ಅದರಲ್ಲಿದ್ದುದನ್ನು ಕಣ್ಣು ಮುಚ್ಚಿ ಕುಡಿದಳು. ಆಮೇಲೆ ಮುಚ್ಚಳ ತೊಳೆದು ಸೆರಗಿನಿಂದ ಒರೆಸಿದಳು. ತಿರುಗಿದಾಗ ನಾನು ಅವಳ ಕಣ್ಣಿಗೆ ಬಿದ್ದೆ. ಅವಳು ಗಾಬರಿಯಾಗಲಿಲ್ಲ. ನೆಲದ ಮೇಲೆ ಕೂತು ನನ್ನನ್ನೂ ಹತ್ತಿರ ಕೂರಿಸಿಕೊಂಡಳು. ಮಗ್ಗಗಳು ಶುರುವಾಗಿದ್ದರಿಂದ ಬಾಯಿಯನ್ನು ನನ್ನ ಕಿವಿಯ ಹತ್ತಿರ ತಂದು ಮಾತಾಡಿದಳು.

"ಮಲ್ಲೂಗ ಏನ ಬರ್ತೈತಿ, ಅದ ನನಗೂ ಬರ್ತೈತಿ ಕಸ್ತೂರಿ. ಅವಂಗ ಈ ಔಷಧಿ ಹತ್ತಿ ಆರಾಮ ಆತು. ನನಗೂ ಹತ್ತತೈತೇನಂತ ನೋಡಾಕತ್ತೇನಿ."

ಅವಳು ಹೇಳಿದ್ದೆಲ್ಲವನ್ನೂ ನಾನು ಆಗಲೇ ಅರ್ಥ ಮಾಡಿಕೊಂಡೆ ಎನ್ನಲಾರೆ. ಲಗ್ನವಾದ ಮರುವರ್ಷ ಶುರುವಾಯಿತಂತೆ. ಗಂಡನ ಮನೆಯವರು ಗಾಳಿ ಬಡಿದಿದೆ ಎಂದರಂತೆ. ಮಕ್ಕಳಾಗಲಿಲ್ಲ ಎಂಬುದು ಕಳಿಸುವಾಗ ಮರ್ಯಾದೆಗೆ ಹೇಳಿದ ಮಾತು. ಬರುವ ಮೊದಲು ಸುಟ್ಟ ನೂಲಿನಂಥ ವಾಸನೆ ಬರುತ್ತದೆ, ಹೆಚ್ಚಾಗಿ ನಸುಕಿನಲ್ಲೇ. ಆಗ ಬಚ್ಚಲಿಗೆ ಹೋಗಿ ಅಗಳಿ ಹಾಕಿಕೊಂಡು ಮಲಗಿಬಿಡುತ್ತಾಳೆ. ಮಗ್ಗದ ಸಪ್ಪಳದಲ್ಲಿ ಯಾರಿಗೂ ಕೇಳಿಸುವುದಿಲ್ಲ. ಇಷ್ಟನ್ನೂ ಅವಳು ಊಟದ ಸುದ್ದಿ ಹೇಳುವಂತೆ ಹೇಳಿದಳು. ಕೊನೆಯ ಮಾತಿಗೆ ಮಾತ್ರ ನನ್ನ ಕೈ ಹಿಡಿದಳು.

"ನಿಮ್ಮಪ್ಪಗ ಹೇಳಬ್ಯಾಡ. ಒಂದ ಮನಿ ಬಿಟ್ಟ ಬಂದೇನಿ. ಇದನ್ನೂ ಬಿಡಸ್ಯಾರು."

ಹೇಳುವುದಿಲ್ಲ ಎಂದೆ. ಅವತ್ತೇ ಸಂಜೆ ಅಪ್ಪ ಪಟ್ಟಿ ಏನು ಹೇಳುತ್ತದೆ ಎಂದು ಕೇಳಿದ. ಅಂಗಡಿಯ ಬೆಳಕು, ಆ ಬಣ್ಣದ ಬಾಟಲಿಗಳು, ಅಪ್ಪನ ಕಾಯುವ ಮುಖ. ನನಗೆ ಸುಳ್ಳು ಹೇಳಲಾಗಲಿಲ್ಲ, ಖರೆ ಹೇಳಲೂ ಆಗಲಿಲ್ಲ. ದಿನಾ ನಸುಕಿನಲ್ಲಿ ಒಂದು ಗೆರೆ ಹೆಚ್ಚು ಇಳಿಯುತ್ತದೆ, ಅವ್ವನ ಅಳತೆ ಸರಿ ಇತ್ತು ಎಂದಷ್ಟೇ ಹೇಳಿದೆ. ಅಂಕಿಯನ್ನು ಕೊಟ್ಟೆ, ಹೆಸರನ್ನು ಇಟ್ಟುಕೊಂಡೆ. ಅಪ್ಪ ಸ್ವಲ್ಪ ಹೊತ್ತು ಯೋಚಿಸಿ, ಮಲ್ಲುವೇ ಎದ್ದು ಸಿಹಿಯೆಂದು ಕುಡಿಯುತ್ತಿರಬೇಕು ಎಂದು ತೀರ್ಮಾನಿಸಿದ. ಮಕ್ಕಳು ಹಾಗೆ ಮಾಡುವುದನ್ನು ಅವನು ಎಷ್ಟೋ ಕಂಡಿದ್ದ. ಅವ್ವನ ಹತ್ತಿರ ಹೋಗಿ ತಪ್ಪಾಯಿತು ಎಂಬಂತೆ ಏನೋ ಗೊಣಗಿದ. ಆಮೇಲೆ ಬಾಟಲಿಯನ್ನು ಗೂಡಿನಿಂದ ತೆಗೆದು ಅಂಗಡಿಯ ಗಾಜಿನ ಕಪಾಟಿನಲ್ಲಿಟ್ಟು ಕೀಲಿ ಹಾಕಿದ. ಕೀಲಿಕೈ ಅವನ ಅಂಗಿಯ ಕಿಸೆಗೆ ಹೋಯಿತು. ಪರದೆಯ ಸಂದಿಯಲ್ಲಿ ಅತ್ತಿ ನಿಂತಿದ್ದಳು. ಅವಳು ನನ್ನ ಕಡೆ ನೋಡಲಿಲ್ಲ, ಕಸಬರಿಗೆ ತೆಗೆದುಕೊಂಡು ಹಿತ್ತಿಲಿಗೆ ಹೋದಳು. ತಮ್ಮಷ್ಟಕ್ಕೆ ನಿಲ್ಲಿಸಲೇಬಾರದು ಎಂದು ಡಾಕ್ಟರರು ಹೇಳಿದ್ದ ಮಾತು ನನಗೆ ಬಾಯಿಪಾಠವಾಗಿತ್ತು. ಆದರೆ ಅದನ್ನು ನಾನು ಮಲ್ಲುವಿನ ಮಾತು ಎಂದುಕೊಂಡಿದ್ದೆ. ಅತ್ತಿಗೂ ಆ ಮಾತು ಅನ್ವಯಿಸುತ್ತದೆ ಎಂದು ಹೊಳೆಯಲಿಲ್ಲ.

ನಾಲ್ಕು ದಿನ ಏನೂ ಆಗಲಿಲ್ಲ. ಐದನೆಯ ದಿನ ಬೆಳಕು ಹರಿಯುವಾಗ ಕರೆಂಟು ಹೋಯಿತು. ಮಗ್ಗಗಳು ಒಂದರ ಹಿಂದೆ ಒಂದು ನಿಂತವು. ಆ ಮೌನ ನನ್ನ ನಿದ್ದೆಯೊಳಗೆ ನೀರಿನಂತೆ ಏರಿ ಬಂತು, ಅದರೊಳಗೆ ಎಲ್ಲೋ ದೂರದಲ್ಲಿ ಯಾರೋ ಬಾಗಿಲು ಬಡಿಯುತ್ತಿದ್ದರು. ಕಣ್ಣು ತೆರೆದೆ. ಬಡಿತ ನಿಜವಾಗಿಯೂ ಇತ್ತು, ಹಿತ್ತಿಲಿಂದ ಬರುತ್ತಿತ್ತು. ಹಿಂದೆಯೇ ತಂಬಿಗೆ ಉರುಳಿದ ಸಪ್ಪಳವಾಯಿತು. ಅಪ್ಪ ನನಗಿಂತ ಮೊದಲು ಓಡಿದ್ದ. ಬಚ್ಚಲಿಗೆ ಒಳಗಿಂದ ಅಗಳಿ ಹಾಕಿತ್ತು. ಅಕ್ಕಾ, ಅಕ್ಕಾ ಎಂದು ಕೂಗಿದ, ಹೆಗಲು ಕೊಟ್ಟು ಎರಡು ಸಲ ಗುದ್ದಿದ, ಅಗಳಿ ಕಿತ್ತು ಬಂತು. ಅತ್ತಿ ಒದ್ದೆ ಕಲ್ಲಿನ ಮೇಲೆ ಬಿದ್ದಿದ್ದಳು. ಬಾಗಿಲಿಗೆ ಬಡಿಯುತ್ತಿದ್ದದ್ದು ಅವಳ ಕಾಲು. ಉರುಳಿದ ತಂಬಿಗೆಯ ಬಿಸಿನೀರು ಎಡ ತೋಳನ್ನು ಸುಟ್ಟಿತ್ತು. ಅಪ್ಪ ಮತ್ತೆ ಹಾಗೆಯೇ ನಿಂತುಬಿಟ್ಟ. ಅವ್ವ ಅವನನ್ನು ಸರಿಸಿ ಒಳಗೆ ಹೋದಳು. ಅತ್ತಿ ಮಲ್ಲುವಿಗೆ ಏನು ಮಾಡಿದ್ದಳೋ ಅದನ್ನೇ ಅವ್ವ ಅತ್ತಿಗೆ ಮಾಡಿದಳು. ಮಗ್ಗುಲಿಗೆ ಹೊರಳಿಸಿದಳು, ತಲೆಯ ಕೆಳಗೆ ತನ್ನ ಸೆರಗು ಇಟ್ಟಳು, ತಣ್ಣೀರು ತಂದು ತೋಳಿನ ಮೇಲೆ ಸುರಿದಳು.

ನನ್ನ ಬಾಯಿ ಆಗ ತಾನಾಗಿಯೇ ತೆರೆದುಕೊಂಡಿತು.

"ಅಪ್ಪಾ, ಆ ಔಷಧಿ ಅತ್ತಿ ಕುಡೀತಿದ್ಲು. ಆಕಿಗೂ ಫಿಟ್ಸ್ ಬರ್ತಾವ."

ಮಗ್ಗಗಳ ಮೇಲೆ ಕೂಗಿ ಕೂಗಿ ರೂಢಿಯಾದ ದನಿ. ಮಗ್ಗಗಳು ನಿಂತಿದ್ದವು. ನನ್ನ ಮಾತು ಹಿತ್ತಿಲ ಗೋಡೆಗಳನ್ನು ದಾಟಿ ಓಣಿಯ ಉದ್ದಕ್ಕೂ ಹೋಯಿತು. ಕರೆಂಟು ಹೋದದ್ದಕ್ಕೆ ಹೊರಗೆ ಬಂದು ನಿಂತಿದ್ದ ಹೆಂಗಸರು, ಶೆಡ್ಡಿನ ನೇಕಾರರು, ಎಲ್ಲರೂ ಕೇಳಿದರು. ಇಪ್ಪತ್ತು ವರ್ಷ ಅವಳು ಅಗಳಿ ಹಾಕಿ ಇಟ್ಟುಕೊಂಡದ್ದನ್ನು ನಾನು ಒಂದೇ ಉಸಿರಿನಲ್ಲಿ ಬೀದಿಗೆ ಚೆಲ್ಲಿದೆ.

ಅತ್ತಿಗೆ ಎಚ್ಚರವಾದದ್ದು ನಡುಮನೆಯಲ್ಲಿ. ಅಪ್ಪ ಅವಳ ತೋಳಿಗೆ ಮುಲಾಮು ಹಚ್ಚುತ್ತಿದ್ದ. ಎಷ್ಟು ವರ್ಷವಾಯಿತು ಎಂದು ಅವನು ಕೇಳಿದ, ಅವಳು ಹೇಳಿದಳು. ಊರಿಗೆಲ್ಲ ಔಷಧಿ ಕೊಡುವ ಅಂಗಡಿಯ ಹಿಂದೆ ಇದ್ದೂ ಒಂದು ಮಾತು ಯಾಕೆ ಹೇಳಲಿಲ್ಲ ಎಂದು ಮತ್ತೆ ಕೇಳಿದ.

"ಹೇಳಿದ್ರ ಮಲ್ಲೂನ್ನ ನನ್ನ ತೊಡಿಮ್ಯಾಲ ಮಲಗಸ್ತಿದ್ರೇನು?" ಎಂದಳು ಅತ್ತಿ. "ಆಮ್ಯಾಲ ಅವಂಗೂ ಬಂತು. ನನ್ನ ಕಡಿಂದನ ಬಂತು ಅಂತೀರಿ ಅಂತ ಇನ್ನೂ ಬಾಯಿ ಮುಚ್ಚಿದ್ನಿ."

ಅವ್ವ ಎದ್ದು ಒಳಗೆ ಹೋದಳು. ಎರಡು ದಿನ ಅವಳು ಅತ್ತಿಗೆ ಗಂಜಿ ಮಾಡಿಕೊಟ್ಟಳು, ತೋಳಿನ ಬಟ್ಟೆ ಬದಲಿಸಿದಳು, ಆದರೆ ಮಾತಾಡಲಿಲ್ಲ. ತನ್ನ ಮೇಲೆ ಅಪವಾದ ಬಂದಾಗ ಈಕೆ ಎದುರಿಗೇ ಮಜ್ಜಿಗೆ ಬಡಿಸುತ್ತ ಸುಮ್ಮನಿದ್ದಳಲ್ಲ ಎಂಬುದು ಅವಳ ಎದೆಯಲ್ಲಿ ಕೂತಿತ್ತು. ಅದನ್ನು ಅವಳು ನನ್ನ ತಲೆ ಬಾಚುವಾಗ ಒಂದೇ ಸಲ ಹೇಳಿದಳು, ಬಾಚಣಿಗೆ ನೆತ್ತಿಗೆ ಚುಚ್ಚುವಷ್ಟು ಒತ್ತಿ.

ಅಪ್ಪನಿಗೆ ಆ ಎರಡು ದಿನ ಅಂಗಡಿಯಲ್ಲಿ ಕೂರಲಾಗಲಿಲ್ಲ. ಅಕ್ಕ ಇಷ್ಟು ದಿನ ಕುಡಿದದ್ದು ಎಷ್ಟು, ಅವಳ ಮೈಗೆ ಅದು ಹೆಚ್ಚಾಗಿತ್ತೋ ಕಡಿಮೆಯಾಗಿತ್ತೋ ಎಂದು ತಿಳಿಯುವವರೆಗೆ ಅವನಿಗೆ ಸಮಾಧಾನವಿಲ್ಲ. ಔಷಧಿಯ ಅಳತೆ ಮೈತೂಕದ ಮೇಲೆ ನಿಂತಿರುತ್ತದೆಂದು ಮಧ್ಯಾಹ್ನ ಅವಳನ್ನು ಎದುರಿನ ನೂಲಿನ ಅಂಗಡಿಗೆ ಕರೆದುಕೊಂಡು ಹೋದ. ಅಲ್ಲಿ ನೂಲಿನ ಗಂಟುಗಳನ್ನು ತೂಗುವ ದೊಡ್ಡ ಕಾಟಾ ಇತ್ತು. ಅತ್ತಿ ತನ್ನ ಜೀವಮಾನದಲ್ಲಿ ತೂಗಿಸಿಕೊಂಡವಳಲ್ಲ. ಬಿಳಿ ನೂಲಿನ ಗುಡ್ಡೆಗಳ ನಡುವೆ, ಗಾಳಿಯಲ್ಲಿ ತೇಲುವ ಹತ್ತಿಯ ಎಳೆಗಳ ನಡುವೆ, ಸೆರಗು ಹೊದ್ದು ಕಾಟಾದ ಮೇಲೆ ಕಣ್ಣು ಮುಚ್ಚಿ ನಿಂತಳು. ನಲವತ್ತೈದು ಕಿಲೋ. ಮಲ್ಲು ಹದಿನೈದು. ನನ್ನನ್ನು ಯಾರೂ ಕೇಳಿರಲಿಲ್ಲ, ಆದರೂ ನನ್ನೊಳಗೆ ಲೆಕ್ಕ ತಾನೇ ನಡೆದುಹೋಯಿತು. ಅತ್ತಿ ಮೂರು ಮಲ್ಲುಗಳಷ್ಟು ತೂಕ. ಕುಡಿದದ್ದು ಅರ್ಧ ಮಲ್ಲುವಿನ ಔಷಧಿ. ಅವಳ ತೂಕಕ್ಕೆ ಬೇಕಾದುದರ ಆರರಲ್ಲಿ ಒಂದು ಪಾಲು. ಅಷ್ಟರಿಂದಲೇ ಗುಣವಾದೀತೆಂದು ಅವಳು ದಿನಾ ನಸುಕಿನಲ್ಲಿ ಗೆರೆ ನೋಡಿ ಅಳೆದಿದ್ದಳು, ಹುಡುಗನಿಗೆ ಕಡಿಮೆಯಾಗಬಾರದೆಂದು ಒಂದು ಹನಿ ಹೆಚ್ಚು ತೆಗೆದುಕೊಂಡಿರಲಿಲ್ಲ. ಅಪ್ಪ ಅಂಗಡಿಗೆ ಬಂದು ಅಳತೆಯ ಗಾಜನ್ನು ಒರೆಸತೊಡಗಿದ. ಅದು ಮೊದಲೇ ಸ್ವಚ್ಛವಿತ್ತು. ಒರೆಸುತ್ತಲೇ ಇದ್ದ.

ಮೂರನೆಯ ದಿನ ಅವ್ವ ಸ್ನಾನ ಮಾಡಿ, ಪೆಟ್ಟಿಗೆಯಿಂದ ಎರಡು ಇಳಕಲ್ ಸೀರೆ ತೆಗೆದು ಒಂದನ್ನು ಅತ್ತಿಯ ಮುಂದೆ ಇಟ್ಟಳು.

"ಅಕ್ಕಾರ, ಉಟಗೋರಿ. ಜಮಖಂಡಿಗಿ ಹೋಗೂಣು. ನನಗ ನಿಮ್ಮ ಮ್ಯಾಲ ಸಿಟ್ಟ ಐತಿ, ಅದ ಇರ್ಲಿ. ಬಸ್ ತಪ್ಪೀತು."

ಅಪ್ಪ ತಾನು ಬರುತ್ತೇನೆಂದ. ಅವ್ವ ಬೇಡ ಎಂದಳು. ಇಬ್ಬರೂ ಒಂದೇ ಬಣ್ಣದ ಸೆರಗು ಹೊದ್ದು ಓಣಿಯ ನಡುವೆ ನಡೆದು ಬಸ್‌ಸ್ಟ್ಯಾಂಡಿಗೆ ಹೋದದ್ದನ್ನು ನಾನು ಮೆಟ್ಟಿಲ ಮೇಲಿಂದ ನೋಡಿದೆ. ಬಾಗಿಲುಗಳಲ್ಲಿ ನಿಂತ ಹೆಂಗಸರು ಮಾತು ನಿಲ್ಲಿಸಿದರು. ಅವ್ವ ಯಾರ ಕಡೆಗೂ ತಿರುಗಲಿಲ್ಲ, ಅತ್ತಿಯ ಸುಟ್ಟಿರದ ಕೈಯನ್ನು ಹಿಡಿದುಕೊಂಡಿದ್ದಳು.

ಸಂಜೆ ಅವರು ಚೀಟಿ ತಂದರು. ಅತ್ತಿಗೆ ಗುಳಿಗೆ ಗಂಟಲಲ್ಲಿ ಇಳಿಯುವುದಿಲ್ಲವೆಂದು ಡಾಕ್ಟರರು ಅವಳಿಗೂ ಸಿರಪ್ಪನ್ನೇ ಬರೆದಿದ್ದರು, ಮೆಲ್ಲಗೆ ಏರಿಸಬೇಕು ಎಂದಿದ್ದರು. ಅಪ್ಪ ಚೀಟಿಯನ್ನು ಅಂಗಡಿಯ ಕಟ್ಟೆಯ ಮೇಲೆ ನನ್ನ ಮುಂದಿಟ್ಟ. ನಾನು ಮುಟ್ಟಲಿಲ್ಲ. ಅತ್ತಿ ಬಿದ್ದ ದಿನದ ನಂತರ ಕ್ಯಾಲೆಂಡರಿನ ಹಿಂಬದಿಗೆ ನಾನು ಒಂದು ಅಂಕಿಯನ್ನೂ ಬರೆದಿರಲಿಲ್ಲ. ಗೆರೆಯ ಪಟ್ಟಿ ಅಂಟಿಸಿ ಅತ್ತಿಯ ಔಷಧಿ ನಿಲ್ಲಿಸಿದವಳು ನಾನು, ಸುಮ್ಮನಿದ್ದು ಅವಳನ್ನು ಬೀಳಿಸಿದವಳು ನಾನು, ಕೂಗಿ ಬೀದಿಗೆ ತಂದವಳೂ ನಾನು. ಅಪ್ಪ ಕಾಯ್ದ. ಬಳಲಿ ನಡುಮನೆಯಲ್ಲಿ ಗೋಡೆಗೆ ಒರಗಿದ್ದ ಅತ್ತಿ ಪರದೆಯ ಸಂದಿಯಿಂದ ಹೇಳಿದಳು.

"ನೀನ ಮಾಡ ಕಸ್ತೂರಿ. ನನ್ನ ಲೆಕ್ಕ ಮದಲ ತಿಳದಾಕಿ ನೀನ."

ಪೆನ್ಸಿಲ್ ಹಿಡಿದೆ. ಮೊದಲ ಏಳು ದಿನ ಹೊತ್ತಿಗೆ ಐದರಂತೆ ಎರಡು ಹೊತ್ತು, ಎಪ್ಪತ್ತು. ಮುಂದಿನ ಏಳು ದಿನ ಏಳೂವರೆಯಂತೆ ಎರಡು ಹೊತ್ತು, ನೂರೈದು. ಉಳಿದ ಹದಿನಾರು ದಿನ ಹತ್ತರಂತೆ ಎರಡು ಹೊತ್ತು, ಮುನ್ನೂರ ಇಪ್ಪತ್ತು. ಎಲ್ಲ ಕೂಡಿ ನಾನೂರ ತೊಂಬತ್ತೈದು. ಐದು ಬಾಟಲಿ, ತಿಂಗಳ ಕೊನೆಗೆ ಐದು ಎಂ.ಎಲ್. ಉಳಿಯುತ್ತದೆ. ಅಂಕಿಗಳು ಕಣ್ಣೀರಿನಲ್ಲಿ ಊದಿಕೊಂಡು ತೇಲುತ್ತಿದ್ದವು. ನಾನು ಮೂರು ಸಲ ಕೂಡಿಸಿದೆ. ಅಪ್ಪ ತಾನೂ ಕೂಡಿಸಿ ನೋಡಿ, ತಲೆಯಾಡಿಸಿ, ಐದು ಬಾಟಲಿಗಳನ್ನು ಸಾಲಾಗಿ ಇಟ್ಟು ಪ್ರತಿಯೊಂದರ ಮೇಲೂ ಅಕ್ಕನ ಪೂರ್ತಿ ಹೆಸರು ಬರೆದ. ಈಗ ಮುಧೋಳದಲ್ಲಿ ಔಷಧಿಯ ಕೆಲಸವೇ ನನ್ನ ಹೊಟ್ಟೆಪಾಡು. ದಿನಕ್ಕೆ ಎಷ್ಟೋ ಚೀಟಿ ನೋಡುತ್ತೇನೆ, ಲೆಕ್ಕ ಮುಗಿದ ಮೇಲೂ ಕುಡಿಯುವವರು ಯಾರು ಎಂದು ಒಮ್ಮೆ ತಲೆಯೆತ್ತಿ ನೋಡದೆ ಬಾಟಲಿ ಕೊಡಲು ನನಗೆ ಆಗುವುದಿಲ್ಲ.

ಅತ್ತಿಗೆ ಫಿಟ್ಸ್ ಪೂರ್ತಿ ನಿಲ್ಲಲಿಲ್ಲ, ವರ್ಷಕ್ಕೆ ಒಂದೋ ಎರಡೋ ಬಂದವು. ಅಪ್ಪ ಬಚ್ಚಲಿನ ಅಗಳಿ ತೆಗೆಸಿ ಪರದೆ ಹಾಕಿಸಿದ. ಮಲ್ಲು ಮೊದಲಿನಂತೆಯೇ ಅವಳ ತೊಡೆಯ ಮೇಲೆ ಮಲಗಿದ. ಆದರೆ ನನ್ನ ಕೂಗಿಗೂ ಬೆಲೆ ತೆರಬೇಕಾಯಿತು. ಓಣಿಯ ಒಂದು ಲಗ್ನದ ಮನೆಯಲ್ಲಿ ಶಾವಿಗೆ ಹೊಸೆಯಲು ಎಲ್ಲರನ್ನೂ ಕರೆದವರು ಅತ್ತಿಯನ್ನು ಕರೆಯಲಿಲ್ಲ. ಪ್ರತಿ ಸಲ ಅವಳ ಕೈಯ ಶಾವಿಗೆಯನ್ನೇ ಹೊಗಳುತ್ತಿದ್ದವರು. ಅವಳು ಆ ದಿನವೆಲ್ಲ ಹಿತ್ತಿಲಲ್ಲಿ ಕೂತು ಜೋಳ ಹಸನು ಮಾಡಿದಳು. ನಾನು ಪಕ್ಕದಲ್ಲಿ ಕೂತೆ. ಅವಳು ಬಯ್ಯಲಿಲ್ಲ, ಹೋಗಲಿ ಬಿಡು ಎಂದು ಸಮಾಧಾನವನ್ನೂ ಹೇಳಲಿಲ್ಲ. ಕಲ್ಲು ಆರಿಸಿ ಆರಿಸಿ ನನ್ನ ಅಂಗೈಗೆ ಹಾಕುತ್ತಿದ್ದಳು.

ಮುಂದಿನ ಚಳಿಗಾಲದ ಒಂದು ಮಧ್ಯಾಹ್ನ ಸಮೀರವಾಡಿಯ ಕಡೆಯ ಒಬ್ಬ ಹೆಣ್ಣುಮಗಳು ಅಂಗಡಿಗೆ ಬಂದಳು. ಜೊತೆಗೆ ಹನ್ನೆರಡು ಹದಿಮೂರರ ಮಗಳು. ತಾಯಿ ಕೆಳಗಿನ ಮೆಟ್ಟಿಲ ಮೇಲೇ ನಿಂತು, ಸಣ್ಣಗೆ ಮಡಚಿದ ಚೀಟಿಯನ್ನು ಅಪ್ಪನ ಕೈಗೆ ಕೊಟ್ಟಳು. ನಾನು ಇಣುಕಿ ನೋಡಿದೆ, ಅದೇ ಸಿರಪ್ಪು. ಅಪ್ಪ ಬಾಟಲಿ ತೆಗೆದಾಗ ಆಕೆ, ಬಾಟ್ಲಿ ಮೇಲಿನ ಹೆಸರಿನ ಚೀಟಿ ಕಿತ್ತು ಕೊಡ್ರಿ, ಯಾರಾದರೂ ಕೇಳಿದರೆ ಕೆಮ್ಮಿನ ಔಷಧಿ ಅಂತೀನಿ ಎಂದು ತಗ್ಗಿದ ದನಿಯಲ್ಲಿ ಬೇಡಿಕೊಂಡಳು. ನಾಳೆ ಹುಡುಗಿಯನ್ನು ಯಾರು ಮಾಡಿಕೊಳ್ಳುತ್ತಾರೆ ಎಂದಳು. ಹೆಸರಿಲ್ಲದ ಬಾಟಲಿ ಮನೆಯಲ್ಲಿ ಇರಬಾರದು ಎಂದು ಅಪ್ಪ ಹೇಳಿ ನೋಡಿದ. ಆಕೆ ಕೇಳಲಿಲ್ಲ. ಹುಡುಗಿ ನೆಲ ನೋಡುತ್ತ ಹೆಬ್ಬೆರಳಿನಿಂದ ಕಲ್ಲು ಕೆರೆಯುತ್ತಿದ್ದಳು.

ಪರದೆ ಸರಿಯಿತು. ಅಷ್ಟು ವರ್ಷದಲ್ಲಿ ಗಿರಾಕಿ ಇದ್ದಾಗ ಅತ್ತಿ ಅಂಗಡಿಗೆ ಬಂದದ್ದನ್ನು ನಾನು ಕಂಡಿರಲಿಲ್ಲ. ಅವಳು ಕಟ್ಟೆಯ ಹಲಗೆ ಎತ್ತಿ ಆಚೆ ಹೋಗಿ, ಮೇಲಿನ ಮೆಟ್ಟಿಲ ಮೇಲೆ ಆ ಹುಡುಗಿಯ ಎದುರಿಗೆ ಕೂತಳು.

"ನಾನೂ ಇದ ಔಷಧಿ ಕುಡೀತೇನವಾ. ನನಗೂ ಫಿಟ್ಸ್ ಬರ್ತಾವ. ನೀ ಸಣ್ಣಾಕಿದ್ದಾಗನ ಕುಡ್ಯಾಕತ್ತಿ, ಛಲೋ ಆತು. ನಾ ಇಪ್ಪತ್ತ ವರ್ಷ ತಡಾ ಮಾಡಿದ್ನಿ."

ಹುಡುಗಿ ಮೊದಲ ಸಲ ಮುಖ ಎತ್ತಿದಳು. ತನ್ನಂಥ ಇನ್ನೊಬ್ಬಳು ಲೋಕದಲ್ಲಿ ಇರಬಹುದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲವೆಂದು ಕಾಣುತ್ತದೆ. ಅತ್ತಿಯ ಮುಖ, ತೋಳಿನ ಕಲೆ, ಕೈಯ ಹಸಿರು ಬಳೆಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ, ಬರುವ ಮೊದಲು ನಿಮಗೂ ಗೊತ್ತಾಗುತ್ತದೇನ್ರಿ ಎಂದು ಕೇಳಿದಳು. ಅತ್ತಿ ಪಕ್ಕಕ್ಕೆ ಸರಿದು ಮೆಟ್ಟಿಲ ಮೇಲೆ ಜಾಗ ಮಾಡಿದಳು. ಹುಡುಗಿ ಕೂತಳು. ಸ್ವಲ್ಪ ಹೊತ್ತಿಗೆ ತಾಯಿಯೂ ಮೇಲೆ ಹತ್ತಿ ಬಂದು ಕೂತಳು. ಅಪ್ಪ ಬಾಟಲಿಯ ಮೇಲೆ ಬರೆಯಲು ಪೆನ್ನು ತೆಗೆದು, ಹುಡುಗಿಯ ಹೆಸರೇನು ಎಂದು ಕೇಳಿದ. ತಾಯಿ ಒಮ್ಮೆ ರಸ್ತೆಯ ಕಡೆ ನೋಡಿದಳು. ಆಮೇಲೆ ಮಗಳ ಹೆಸರು ಹೇಳಿದಳು.